ಮನೆ ಬಿಡುವ ಮುನ್ನ

ಶಾಲೆಗಳ ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ಊರುಗಳ ಬೀದಿಗಳಲ್ಲಿ ಒಂದು ನೋಟ ಸಾಮಾನ್ಯವಾಗಿಬಿಡುತ್ತದೆ. ಯಾವುದೋ ಒಂದು ಮನೆಯ ಮುಂದೆ ಲಾರಿ ನಿಂತಿರುತ್ತದೆ. ಹಮಾಲರು ಕಪಾಟನ್ನು ಓರೆ ಮಾಡಿ ಬಾಗಿಲಿನಿಂದ ಹೊರತರುತ್ತಿರುತ್ತಾರೆ. ಮನೆಯ ಯಜಮಾನರು "ಸಾವಕಾಶ, ಸಾವಕಾಶ" ಎಂದು ಕೂಗುತ್ತಿದ್ದರೆ, ಗೃಹಿಣಿಯು ಉಪ್ಪಿನಕಾಯಿಯ ಭರಣಿಯನ್ನು ಯಾರ ಕೈಗೂ ಕೊಡದೆ ತಾವೇ ಹಿಡಿದು ನಿಂತಿರುತ್ತಾರೆ. ಮಕ್ಕಳಿಗೆ ಅದೊಂದು ಜಾತ್ರೆ. ಈ ಗದ್ದಲದ ನಡುವೆ ಕಟ್ಟೆಯ ಮೇಲೆ ವೃದ್ಧೆಯೊಬ್ಬರು ಸುಮ್ಮನೆ ಕುಳಿತಿರುತ್ತಾರೆ. "ಸ್ವಲ್ಪ ಆ ಕಡೆ ಸರೀರಿ" ಎಂಬ ಮಾತನ್ನು ಬಿಟ್ಟರೆ ಅವರೊಡನೆ ಯಾರೂ ಬೇರೆ ಮಾತನಾಡುವುದಿಲ್ಲ.

ಮನೆ ಬದಲಿಸುವುದು ಇಂದಿನ ಸಂಸಾರಗಳಿಗೆ ಹೊಸದೇನೂ ಅಲ್ಲ. ನೌಕರಿಯ ವರ್ಗಾವಣೆ, ಮಕ್ಕಳ ಕಾಲೇಜು, ಅಣ್ಣತಮ್ಮಂದಿರ ಪಾಲು, ಬಾಡಿಗೆ ಮನೆಯ ಮಾಲೀಕರ ಸೂಚನೆ, ಅಪರೂಪಕ್ಕೆ ಸ್ವಂತ ಮನೆಯ ಭಾಗ್ಯ, ಹೀಗೆ ಕಾರಣಗಳು ಅನೇಕ. ಮಗಳ ಮದುವೆಗೆ ಆರು ತಿಂಗಳ ಮೊದಲೇ ಪಟ್ಟಿ ಬರೆಯಲು ಕುಳಿತುಕೊಳ್ಳುವ ನಾವು ಇರುವ ಮನೆಯನ್ನು ಬಿಡುವುದಕ್ಕೆ ಮಾತ್ರ ಆರು ದಿನಗಳ ಯೋಚನೆಯನ್ನೂ ಕೊಡುವುದಿಲ್ಲ. ಹಾಗೆ ಅವಸರದಲ್ಲಿ ಎದ್ದು ಬಂದು, ಮತ್ತೆ ಪಡೆಯಲಾಗದ್ದನ್ನು ಕಳೆದುಕೊಂಡವರ ಸಾಲಿನಲ್ಲಿ ನಾವೂ ಇದ್ದೇವೆ. ಆದುದರಿಂದಲೇ ಈ ವಿಷಯವನ್ನು ಓದುಗ ಬಂಧುಗಳ ಮುಂದೆ ಇಡುವ ಧೈರ್ಯ ಮಾಡಿದ್ದೇವೆ.

ಮೂವತ್ತೆಂಟು ವರ್ಷ, ಹನ್ನೊಂದು ದಿನ

ನಮ್ಮ ಮನೆತನವನ್ನು ಎಬ್ಬಿಸಿದ್ದು ವರ್ಗಾವಣೆಯಲ್ಲ, ನೀರು. ನಮ್ಮದು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟುವ ಅಣೆಕಟ್ಟಿಗೆ 1964ರ ಮೇ ತಿಂಗಳಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. "ಮುಳುಗಡೆ" ಎಂಬ ಶಬ್ದವು ಅಂದಿನಿಂದಲೇ ನಮ್ಮ ಓಣಿಯ ಕಟ್ಟೆಗಳ ಮೇಲೆ ಬಂದು ಕುಳಿತಿತು. ನಮ್ಮ ಅಜ್ಜನವರು ಅದನ್ನು ಕೇಳಿ ನಕ್ಕರು. ಅಪ್ಪನವರು ಕೇಳಿ ಸುಮ್ಮನಾದರು. 1983ರಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಂದಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರು ಹೊಸ ಊರಿನ ಯೋಜನೆ ಸಿದ್ಧಪಡಿಸಿದರು. ಕೆಲವು ಮೈಲಿಗಳಾಚೆ ಸೆಕ್ಟರ್ ಎಂಬ ಹೆಸರಿನ ಬಡಾವಣೆಗಳುಳ್ಳ ನವನಗರವು ತಲೆಯೆತ್ತಿತು. 1997ರಲ್ಲಿ ಬಾಗಲಕೋಟೆಯು ಜಿಲ್ಲೆಯೂ ಆಯಿತು. 2000ದ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಣೆಕಟ್ಟಿನ ಎತ್ತರವನ್ನು 519.60 ಮೀಟರ್‌ವರೆಗೆ ಏರಿಸಲು ಸಮ್ಮತಿಸಿದ ಮೇಲೆ ಯಾರ ಮನಸ್ಸಿನಲ್ಲಿಯೂ ಸಂಶಯ ಉಳಿಯಲಿಲ್ಲ.

ಇಷ್ಟೆಲ್ಲ ಮುನ್ಸೂಚನೆಗಳಿದ್ದೂ ನಾವು ಮಾಡಿದ್ದೇನು? 2002ರ ಏಪ್ರಿಲ್‌ನಲ್ಲಿ ಹನ್ನೊಂದೇ ದಿನಗಳಲ್ಲಿ ಗಂಟುಮೂಟೆ ಕಟ್ಟಿದೆವು. ಮೂವತ್ತೆಂಟು ವರ್ಷ ಕಾಲಾವಕಾಶವಿದ್ದ ಮನೆಗೆ ಹನ್ನೊಂದು ದಿನಗಳ ಸಿದ್ಧತೆ! ಅದರಲ್ಲಿಯೂ ಎಂಟು ದಿನಗಳು ಹೋದದ್ದು ಯಾವ ದಿನ ಹೊರಡಬೇಕೆಂಬ ಚರ್ಚೆಯಲ್ಲಿ.

ದೊಡ್ಡಪ್ಪನವರಿಗೆ ಅಮಾವಾಸ್ಯೆಯ ಚಿಂತೆ. ಬೀಗರೊಬ್ಬರು ದಿಕ್ಕಿನ ಮಾತು ತೆಗೆದರು. ಹೊಸ ಮನೆಯ ಅಡುಗೆಮನೆಯ ಗೋಡೆಯನ್ನು ಒಡೆದು ಬಾಗಿಲನ್ನು ಸರಿಸಬೇಕೆಂದು ಮತ್ತೊಬ್ಬರು ಸಲಹೆಯಿತ್ತರು. ವಾರ, ತಿಥಿ, ನಕ್ಷತ್ರಗಳ ಭಯವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ನಿರಾಕರಿಸಿದರೆಂದು ಬಸವ ಜಯಂತಿಯ ವೇದಿಕೆಯ ಮೇಲೆ ಭಾಷಣ ಮಾಡುವವರು ನಾವೇ. ಲಾರಿ ಗೊತ್ತು ಮಾಡುವಾಗ ಪಂಚಾಂಗ ಹುಡುಕುವವರೂ ನಾವೇ. ಹಿರಿಯರ ಮನಸ್ಸನ್ನು ನೋಯಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ದಿನವನ್ನು ಗೊತ್ತು ಮಾಡಬೇಕಾದದ್ದು ಮಕ್ಕಳ ಪರೀಕ್ಷೆ, ಮಳೆಯ ಅಂದಾಜು, ಹೊಸ ಮನೆಯ ನೀರಿನ ನಲ್ಲಿ ಮತ್ತು ಮನೆಯ ಮುದುಕರ ಮೊಣಕಾಲುಗಳು. ಆಷಾಢವೆಂದು ಹೆದರಿ ತಿಂಗಳುಗಟ್ಟಲೆ ಎರಡು ಮನೆಗಳ ಬಾಡಿಗೆ ಕಟ್ಟಿದ ಬಂಧುಗಳನ್ನು ನಾವು ಬಲ್ಲೆವು. ಗುರುಪ್ರವೇಶಕ್ಕೆ ಜಂಗಮರನ್ನೋ ಅನುಭಾವಿಗಳನ್ನೋ ಆಹ್ವಾನಿಸಿ, ವಚನ ಪಠಣ ಮಾಡಿಸಿ, ಹಾಲು ಉಕ್ಕಿಸಿ, ಅಕ್ಕಪಕ್ಕದವರಿಗೆ ಪ್ರಸಾದ ನೀಡಿದರೆ ಯಾವ ದಿನವಾದರೂ ಆ ಕಾರ್ಯಕ್ಕೆ ಕೊರತೆಯಾಗದು.

ಆ ಚರ್ಚೆಯ ನಡುವೆ ದೊಡ್ಡವ್ವನವರು, "ಮೊದಲ ದೇವರನ್ನ ಸಾಗಸ್ರಿ, ಆಮ್ಯಾಲೆ ಉಳದದ್ದು" ಎಂದರು. ಮೂಲೆಯಲ್ಲಿ ಕೌದಿ ಮಡಿಸುತ್ತ ಕುಳಿತಿದ್ದ ನಮ್ಮ ಅವ್ವ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡು, "ನನ್ನ ದೇವರು ನನ್ನ ಕೂಡನ ಬರ್ತಾನ. ಅವನ್ನ ಲಾರಿಯೊಳಗ ಹೇರೂದು ಬ್ಯಾಡ" ಎಂದಳು. ಆ ಹನ್ನೊಂದು ದಿನಗಳಲ್ಲಿ ಅವಳು ತಾನಾಗಿ ಆಡಿದ ಮಾತು ಬಹುಶಃ ಅದೊಂದೇ. ನಾವು ನಕ್ಕು ಮುಂದಿನ ಮಾತಿಗೆ ಹೋದೆವು. ಇಷ್ಟು ಸ್ಪಷ್ಟವಾಗಿ ಯೋಚಿಸುವವಳನ್ನು ಉಳಿದ ವಿಷಯಗಳಲ್ಲಿಯೂ ಕೇಳಬೇಕೆಂಬುದು ನಮಗೆ ಹೊಳೆಯಲಿಲ್ಲ.

ರದ್ದಿಗೆ ಹೋದ ಗಂಟು

ಮಾಳಿಗೆಯ ಮನೆಗಳನ್ನು ಕಂಡವರಿಗೆ ಗೊತ್ತು, ಅವುಗಳ ಗೋಡೆಗಳಲ್ಲಿ ಎಷ್ಟು ಮಾಡಗಳಿರುತ್ತವೆ, ಅಟ್ಟದ ಕತ್ತಲೆಯಲ್ಲಿ ಎಷ್ಟು ತಲೆಮಾರಿನ ಸಾಮಾನು ಮಲಗಿರುತ್ತದೆ. ಕೊನೆಯ ಮೂರು ದಿನ ನಾವು ಹರಿದ ಗೋಣಿಚೀಲ, ತುಕ್ಕು ಹಿಡಿದ ಟ್ರಂಕು, ಅಜ್ಜನವರ ಹತ್ತಿಯ ವ್ಯಾಪಾರದ ಖಾತೆ ಪುಸ್ತಕಗಳು, ಹಳೆಯ ಪಂಚಾಂಗಗಳು ಎಲ್ಲವನ್ನೂ ಅಂಗಳಕ್ಕೆ ತಂದು ಸುರಿದೆವು. ಧೂಳಿನಿಂದ ಅವ್ವನಿಗೆ ಕೆಮ್ಮು ಬರಬಾರದೆಂದು ಅವಳನ್ನು ಎದುರು ಮನೆಗೆ ಕಳುಹಿಸಿದೆವು. ನಮ್ಮ ಲೆಕ್ಕದಲ್ಲಿ ಅದು ಮಾತೃಭಕ್ತಿ! ರದ್ದಿಯವನು ಬಂದು ಕಾಗದವನ್ನೆಲ್ಲ ತೂಗಿ ಹಣ ಕೊಟ್ಟು ಹೋದ.

ಸಂಜೆ ಅವ್ವ ಬಂದು ಬರಿದಾದ ಮಾಡವನ್ನು ನೋಡಿದಳು. "ಇಲ್ಲಿ ಕೆಂಪ ಅರಿವಿಯೊಳಗ ಸುತ್ತಿದ್ದು ಇತ್ತಲ್ಲ, ಎಲ್ಲಿ ಐತಿ?"

ಅದು ಓಲೆಗರಿಯ ಕಟ್ಟು. ಅವಳ ಅತ್ತೆಯವರು ಪ್ರತಿ ಶಿವರಾತ್ರಿಗೆ ಅದನ್ನು ತೆಗೆದು, ವಿಭೂತಿ ಧರಿಸಿ, ನಮಸ್ಕರಿಸಿ, ಹಾಗೆಯೇ ಸುತ್ತಿಡುತ್ತಿದ್ದರಂತೆ. ಅವ್ವನೂ ಆ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಳು. ನಾವು ಆ ದಿನಗಳಲ್ಲಿ ನೌಕರಿಯ ಊರಿನಲ್ಲಿರುತ್ತಿದ್ದೆವಾದ್ದರಿಂದ ನಮಗೆ ಅದರ ಪರಿಚಯವೇ ಇರಲಿಲ್ಲ. ಮರುದಿನ ಬೆಳಗಾಗುವ ಮೊದಲೇ ರದ್ದಿಯ ಅಂಗಡಿಗೆ ಓಡಿದೆವು. ಮಾಲು ರಾತ್ರಿಯೇ ಲಾರಿಯಲ್ಲಿ ಹೋಗಿತ್ತು. ಆ ಕಟ್ಟಿನಲ್ಲಿ ಏನಿತ್ತು? ವಚನಗಳಿದ್ದವೋ, ಪುರಾಣವಿತ್ತೋ, ನಾಡವೈದ್ಯದ ಮದ್ದುಗಳಿದ್ದವೋ, ಬರಿಯ ಸಾಲದ ಲೆಕ್ಕವಿತ್ತೋ, ಇಂದಿಗೂ ತಿಳಿಯದು. ಮುಂದೆಯೂ ತಿಳಿಯಲಾರದು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಲ್ಯಾಣದ ವಿಪ್ಲವದ ಕಾಲದಲ್ಲಿ ಚೆನ್ನಬಸವಣ್ಣನವರೂ ಅವರ ಸಂಗಡಿಗ ಶರಣರೂ ಬೆನ್ನಟ್ಟಿ ಬಂದ ಸೈನ್ಯದಿಂದ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಾಡಿನವರೆಗೆ ನಡೆದರೆಂಬುದು ನಮ್ಮ ಪರಂಪರೆಯ ನೆನಪು. ಅವರಿಗೆ ಲಾರಿ ಇರಲಿಲ್ಲ, ಹಮಾಲರಿರಲಿಲ್ಲ, ಹನ್ನೊಂದು ದಿನಗಳೂ ಇದ್ದಿರಲಾರವು. ಅನಂತರದ ಶತಮಾನಗಳಲ್ಲಿ ಆ ಕಟ್ಟುಗಳು ಉಳಿದದ್ದು ಮಠಗಳಲ್ಲಿ ಮತ್ತು ನಮ್ಮಂಥ ಮನೆಗಳ ಜಗಲಿಗಳ ಮೇಲೆ, ಮಾಡಗಳಲ್ಲಿ. ಡಾ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ ಊರೂರು ತಿರುಗಿ ಅವುಗಳನ್ನು ಹುಡುಕಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯ ನಡೆಸುವುದಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರು. ಓಲೆಗರಿಗಾಗಿ ಮನೆ ಬಿಟ್ಟವರು ಅವರು. ಮನೆ ಬಿಡುವಾಗ ಓಲೆಗರಿಯನ್ನು ತೂಕಕ್ಕೆ ಹಾಕಿದವರು ನಾವು.

ಆದ್ದರಿಂದ ಓದುಗರಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ಅಟ್ಟವನ್ನು ಖಾಲಿ ಮಾಡುವ ದಿನ ಮನೆಯ ಹಿರಿಯರನ್ನು ಎದುರು ಮನೆಗೆ ಕಳುಹಿಸಬೇಡಿ. ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂಡಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ, ಒಂದೊಂದು ಗಂಟನ್ನೂ ಅವರೆದುರು ಬಿಚ್ಚಿ. ಓಲೆಗರಿ ಅಥವಾ ಕೈಬರಹದ ಹಳೆಯ ಪುಸ್ತಕ ಸಿಕ್ಕರೆ ಬಿಸಿಲಿಗೆ ಒಣಗಿಸಬೇಡಿ, ಮನೆಯ ಎಣ್ಣೆಯನ್ನು ಹಚ್ಚಬೇಡಿ, ಗರಿಗಳನ್ನು ಬಲವಂತವಾಗಿ ಬಿಡಿಸಬೇಡಿ. ಎರಡೂ ಬದಿಗೆ ತೆಳುವಾದ ಮರದ ಹಲಗೆಯಿಟ್ಟು ಹತ್ತಿಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಲಾರಿಯಲ್ಲಿ ಹೇರದೆ ಕೈಯಲ್ಲಿ ಒಯ್ಯಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗವಿದೆ. ಅಲ್ಲಿಯ ವಿದ್ವಾಂಸರಿಗೆ ತೋರಿಸಿದರೆ ಅದರಲ್ಲಿ ಏನಿದೆಯೆಂದಾದರೂ ನಿಮ್ಮ ಮಕ್ಕಳಿಗೆ ತಿಳಿಯುತ್ತದೆ. ಅವ್ವಂದಿರ ಕೈಬರಹದ ಹಾಡಿನ ಪುಸ್ತಕ, ಹಂತಿಯ ಪದ, ಬೀಸುವ ಪದ ಬರೆದಿಟ್ಟ ಹಾಳೆಗಳಿಗೂ ಇದೇ ಮಾತು.

ಒಂದು ನೋಟುಪುಸ್ತಕ

ಸಿದ್ಧತೆಗೆ ಒಂದು ತಿಂಗಳಾದರೂ ಬೇಕು. ಮೊದಲು ಕೊಳ್ಳಬೇಕಾದದ್ದು ಹಗ್ಗವನ್ನಲ್ಲ, ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು. ಅದರಲ್ಲಿ ಬರೆಯುವವರು ಒಬ್ಬರೇ ಇರಲಿ; ಅಕ್ಷರ ಚೆನ್ನಾಗಿರುವ ಮಗಳಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಪ್ರತಿಯೊಂದು ಪೆಟ್ಟಿಗೆಗೂ ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಮೇಲ್ಭಾಗದಲ್ಲಿ ಮಾತ್ರವಲ್ಲದೆ ಎರಡು ಪಕ್ಕಗಳಲ್ಲಿಯೂ ದಪ್ಪವಾಗಿ ಬರೆಯಬೇಕು. ಒಂದರ ಮೇಲೊಂದು ಹೇರಿದಾಗ ಮೇಲ್ಭಾಗ ಕಾಣುವುದಿಲ್ಲವೆಂಬ ಸಣ್ಣ ಸತ್ಯವು ನಮಗೆ ಲಾರಿ ಇಳಿಸುವಾಗ ತಿಳಿಯಿತು. ಹೊಸ ಮನೆಯ ಯಾವ ಕೋಣೆಯಲ್ಲಿ ಇಳಿಸಬೇಕೆಂಬುದನ್ನೂ ಸಂಖ್ಯೆಯ ಕೆಳಗೆ ಬರೆದರೆ ಹಮಾಲರು ಪ್ರತಿ ಸಲ ನಿಂತು ಕೇಳುವುದು ತಪ್ಪುತ್ತದೆ.

ಬಿಡುವುದನ್ನು ಮೊದಲು ನಿರ್ಧರಿಸಬೇಕು, ಒಯ್ಯುವುದನ್ನು ಅನಂತರ. ನಮ್ಮ ಓಣಿಯಲ್ಲಿ ಅನೇಕರು ತೊಲೆ, ಜಂತಿ, ಕಂಬ, ಬಾಗಿಲ ಚೌಕಟ್ಟುಗಳನ್ನೂ ಬಿಚ್ಚಿ ಒಯ್ದರು. ಅವುಗಳಲ್ಲಿ ಎಷ್ಟೋ ಹೊಸ ಮನೆಯ ಹಿತ್ತಲಲ್ಲಿ ಮಳೆಗೆ ನೆನೆದು ಗೆದ್ದಲು ಹಿಡಿದವು. ಸಿಮೆಂಟಿನ ಮನೆಯಲ್ಲಿ ಬೀಸುವ ಕಲ್ಲಿಗೆ ಸ್ಥಳವೆಲ್ಲಿ, ಹತ್ತು ಕೊಡದ ಹಂಡೆಗೆ ಒಲೆಯೆಲ್ಲಿ? ಇಂಥವನ್ನು ಬೇಕಾದವರಿಗೆ ಕೊಡುವುದಾದರೆ ಹೊರಡುವ ಹಿಂದಿನ ದಿನ ಕೊಡದೆ, ಎರಡು ವಾರ ಮೊದಲೇ ಕೊಡಬೇಕು. ನಮ್ಮ ಮನೆಯ ಎಮ್ಮೆಯನ್ನು ಹೊರಡುವ ದಿನವೇ ಸಂಬಂಧಿಕರ ಹಳ್ಳಿಗೆ ಹೊಡೆದೆವು. ಅದು ಸಂಜೆ ಹಗ್ಗ ಕಿತ್ತುಕೊಂಡು ಬೀಗ ಹಾಕಿದ ಬಾಗಿಲಿಗೆ ಬಂದು ನಿಂತಿತ್ತಂತೆ. ಈ ಸುದ್ದಿಯನ್ನು ಅವ್ವನಿಗೆ ಬಹಳ ದಿನ ಹೇಳಲಿಲ್ಲ.

ಹೇರುವ ಕ್ರಮದಲ್ಲಿ ಒಂದೇ ಸೂತ್ರ: ಮೊದಲು ಬೇಕಾದದ್ದು ಕೊನೆಗೆ ಏರಬೇಕು. ಜೋಳದ ಚೀಲ, ಕಪಾಟು, ಟ್ರಂಕುಗಳು ಕೆಳಗೆ ಹೋಗಲಿ. ಗಾಜಿನ ಸಾಮಾನುಗಳನ್ನು ಹಾಸಿಗೆ, ಕೌದಿಗಳ ನಡುವೆ ಸುತ್ತಿಟ್ಟರೆ ಬೇರೆ ಹುಲ್ಲು, ಕಾಗದಗಳ ಖರ್ಚಿಲ್ಲ. ತಂಪುಪೆಟ್ಟಿಗೆಯನ್ನು ಹಿಂದಿನ ದಿನವೇ ಬಂದ್ ಮಾಡಿ ಹಿಮ ಕರಗಿಸಿ, ನೆಟ್ಟಗೆ ನಿಲ್ಲಿಸಿ ಒಯ್ಯಬೇಕು. ಇಳಿಸಿದ ಕೂಡಲೆ ಚಾಲೂ ಮಾಡದೆ ಕೆಲವು ತಾಸು ಬಿಡಬೇಕು. ಎಲ್ಲಕ್ಕಿಂತ ಕೊನೆಗೆ ಒಂದು ಬುಟ್ಟಿ ಏರಲಿ. ಅದರಲ್ಲಿ ಸ್ಟೌ, ಎರಡು ಪಾತ್ರೆ, ಚಹಾಪುಡಿ, ಸಕ್ಕರೆ, ಕಡ್ಡಿಪೆಟ್ಟಿಗೆ, ಎರಡು ಬಲ್ಬು, ಸುತ್ತಿಗೆ, ಮೊಳೆ, ಕಸಬರಿಗೆ, ಒಂದು ಕೊಡ.

ಊಟದ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಗೃಹಿಣಿಯರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳು ಹಿಂಡಿ, ಒಂದು ಗಡಿಗೆ ಮೊಸರು, ಉಳ್ಳಾಗಡ್ಡಿ ಇಷ್ಟಿದ್ದರೆ ಎರಡು ದಿನ ಒಲೆ ಹೊತ್ತಿಸದಿದ್ದರೂ ಮನೆಯವರೂ ಹಮಾಲರೂ ಹೊಟ್ಟೆ ತುಂಬ ಉಣ್ಣಬಹುದು. ಪೇಟೆಯ ಸಂಸಾರಗಳು ಅಂದು ಹೋಟೆಲಿನಿಂದ ತರಿಸಿ ಉಣ್ಣುವುದನ್ನು ನೋಡಿದ್ದೇವೆ. ತಪ್ಪೇನಿಲ್ಲ, ಆದರೆ ಮರುದಿನದ ಹೊಟ್ಟೆಯ ತೊಂದರೆಗೆ ಔಷಧದ ಪೆಟ್ಟಿಗೆ ಯಾವ ಗಂಟಿನಲ್ಲಿದೆಯೆಂದು ಹುಡುಕುವುದು ಕಷ್ಟ.

ಕೈಚೀಲದಲ್ಲಿ ಇರಬೇಕಾದವು

ಪ್ರತಿಯೊಬ್ಬರ ಪೂಜೆಯ ಸಾಮಗ್ರಿಯೂ ಅವರವರ ಕೈಚೀಲದಲ್ಲಿರಲಿ. ಇಷ್ಟಲಿಂಗವಂತೂ ಅಂಗದ ಮೇಲಿರುತ್ತದೆ. ಆದರೆ ವಿಭೂತಿಯ ಗಟ್ಟಿ, ಬಟ್ಟಲು, ಮಡಿವಸ್ತ್ರ, ಮತ್ತೊಂದು ಶಿವದಾರ ಇವು ಗಂಟಿನೊಳಗೆ ಸೇರಿದರೆ ಮರುದಿನ ಬೆಳಗಿನ ಪೂಜೆಗೆ ಅಡಚಣೆಯಾಗುತ್ತದೆ. ಮುದುಕರ ಔಷಧಗಳನ್ನು ಒಂದು ತಿಂಗಳಿಗೆ ಆಗುವಷ್ಟು ಮೊದಲೇ ಕೊಂಡು, ವೈದ್ಯರ ಚೀಟಿಯೊಡನೆ ಇದೇ ಚೀಲದಲ್ಲಿಡಬೇಕು.

ಇನ್ನು ಕಾಗದಪತ್ರಗಳು. ನಮ್ಮ ಮನೆಯ ಉತಾರ, ಪರಿಹಾರದ ಆದೇಶ, ಅಪ್ಪನವರ ಮರಣ ಪ್ರಮಾಣಪತ್ರ ಇವೆಲ್ಲ ಭದ್ರವಾಗಿರಲೆಂದು ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿದೆವು. ಆ ಟ್ರಂಕು ಲಾರಿಯ ತಳಕ್ಕೆ ಹೋಯಿತು, ಹೊಸ ಮನೆಯಲ್ಲಿ ಗೋಡೆಯ ಬದಿಗೆ ಹೋಯಿತು, ಅದರ ಮೇಲೆ ಇಡೀ ಸಂಸಾರ ಬಂದು ಕುಳಿತಿತು. ಮೂರನೆಯ ದಿನ ಕಚೇರಿಯೊಂದರಲ್ಲಿ ಅವುಗಳ ಪ್ರತಿ ಬೇಕಾದಾಗ ಹದಿನಾಲ್ಕು ಪೆಟ್ಟಿಗೆಗಳನ್ನು ಇಳಿಸಬೇಕಾಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬಂದು ನಮ್ಮ ಜಿಲ್ಲೆಯ ಹಳ್ಳಿಗಳು ರಾತ್ರೋರಾತ್ರಿ ಎದ್ದು ಹೊರಟಾಗ, ಅಂಥ ಟ್ರಂಕುಗಳು ಎಷ್ಟು ನೀರಿನಲ್ಲಿ ಉಳಿದವೋ. ನದಿಯ ದಂಡೆಯ ಸಂಸಾರಗಳು ಮನೆ ಬಿಡುವ ಯೋಚನೆ ಇರಲಿ ಇಲ್ಲದಿರಲಿ, ಮಳೆಗಾಲದ ನಾಲ್ಕು ತಿಂಗಳು ಈ ಕಾಗದಗಳನ್ನು ಪ್ಲಾಸ್ಟಿಕ್ಕಿನ ಒಂದು ಚೀಲದಲ್ಲಿ ಕೈಗೆ ಸಿಗುವಂತೆ ತೂಗುಹಾಕಿರಬೇಕು.

ಕಚೇರಿಯ ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಮಕ್ಕಳ ವರ್ಗಾವಣೆ ಪ್ರಮಾಣಪತ್ರವನ್ನು ಶಾಲೆ ಮುಚ್ಚುವ ಮೊದಲೇ ಕೇಳಿಡಬೇಕು. ಅಡುಗೆ ಅನಿಲದ ಸಂಪರ್ಕವನ್ನು ಬೇರೆ ಊರಿಗೆ ಒಯ್ಯುವುದಾದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್‌ಗಳನ್ನು ಇಲ್ಲಿಯ ವಿತರಕರಿಗೆ ಒಪ್ಪಿಸಿ, ಅವರು ಕೊಡುವ ಪತ್ರವನ್ನು ಅಲ್ಲಿಯ ವಿತರಕರಿಗೆ ತೋರಿಸಬೇಕು. ತುಂಬಿದ ಸಿಲಿಂಡರನ್ನು ಮುಚ್ಚಿದ ಲಾರಿಯಲ್ಲಿ ಸಾಮಾನುಗಳೊಡನೆ ಹೇರುವುದು ಅಪಾಯ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ. ಪಡಿತರ ಚೀಟಿಯ ವಿಳಾಸ ಬದಲಾಗುವವರೆಗೆ ಉಪವಾಸವಿರಬೇಕಾಗಿಲ್ಲ. ಬೆರಳಚ್ಚು ಕೊಟ್ಟು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯುವ ಸೌಲಭ್ಯ ಬಂದಿದೆ. ಹಳೆಯ ವಿಳಾಸಕ್ಕೆ ಬರುವ ಪತ್ರಗಳನ್ನು ಹೊಸ ವಿಳಾಸಕ್ಕೆ ಕಳುಹಿಸುವಂತೆ ಅಂಚೆ ಕಚೇರಿಗೆ ಬರೆದುಕೊಡಬಹುದು. ಬಾಡಿಗೆ ಮನೆಯಾದರೆ ವಿದ್ಯುತ್ ಮೀಟರಿನ ಅಂಕಿಯನ್ನೂ ಗೋಡೆಗಳ ಸ್ಥಿತಿಯನ್ನೂ ಮಾಲೀಕರ ಸಮ್ಮುಖದಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಠೇವಣಿಯ ಹಣದ ಸಮಯದಲ್ಲಿ ಮಾತು ಬೆಳೆಯುವುದಿಲ್ಲ.

ಎದುರು ಮನೆ

ನಮ್ಮ ಎರಡನೆಯ ತಪ್ಪು ಓಲೆಗರಿಯಷ್ಟು ಬೇಗ ಕಾಣಿಸಿಕೊಳ್ಳಲಿಲ್ಲ. ನವನಗರದಲ್ಲಿ ಮನೆ ಕೊಳ್ಳುವಾಗ ನಮ್ಮ ಮುಂದೆ ಎರಡು ಮನೆಗಳಿದ್ದವು. ಒಂದು, ಒಳಗಿನ ರಸ್ತೆಯಲ್ಲಿ ಸ್ವಲ್ಪ ಇಕ್ಕಟ್ಟಾದದ್ದು. ಹಳೆಯ ಊರಿನಲ್ಲಿ ನಮ್ಮ ಎದುರು ಮನೆಯವರು ಹೋಗಿ ನೆಲೆಸಿದ ಓಣಿಯಲ್ಲಿಯೇ ಇತ್ತು. ಇನ್ನೊಂದು, ಬೇರೆ ಸೆಕ್ಟರಿನ ದೊಡ್ಡ ರಸ್ತೆಯ ಮೂಲೆಯ ಮನೆ. ಮುಂದೆ ಅಂಗಡಿ ಹಾಕಿದರೆ ಬಾಡಿಗೆ ಬರುತ್ತದೆಂದು ಎಲ್ಲರೂ ಹೇಳಿದರು. ನಾವು ಮೂಲೆಯ ಮನೆಯನ್ನೇ ಕೊಂಡೆವು. ಅವ್ವನನ್ನು ಕೇಳಲಿಲ್ಲ. ಅವಳಿಗೆ ಒಳ್ಳೆಯ ಕೋಣೆ ಕೊಟ್ಟೆವು, ಪಂಖಾ ಹಾಕಿಸಿದೆವು. ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು.

ಹಳೆಯ ಊರಿನಲ್ಲಿ ಅವ್ವ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ನಲವತ್ತೆರಡು ವರ್ಷಗಳ ಗೆಳತಿಯ ಬಾಗಿಲು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳೆಂದರೆ ನಮ್ಮ ಊರಿನ ಹೋಳಿಯನ್ನು ನೋಡಿದವರಿಗೆ ತಿಳಿದ ಹೆಸರುಗಳು. ಒಂದೊಂದು ಪೇಟೆಯೂ ಒಂದೊಂದು ಕುಟುಂಬದಂತಿತ್ತು. ಹೊಸ ಊರಿನಲ್ಲಿ ಹೆಸರುಗಳ ಸ್ಥಾನಕ್ಕೆ ಅಂಕಿಗಳು ಬಂದವು. "ಯಾವ ಸೆಕ್ಟರ್, ಯಾವ ನಂಬರ್" ಎಂದು ಹೇಳಲು ಅವ್ವನಿಗೆ ಬರಲಿಲ್ಲ. ಅವಳ ಗೆಳತಿಯ ಮನೆ ನಡೆದು ಹೋಗುವಷ್ಟು ಹತ್ತಿರವಿರಲಿಲ್ಲ, ಬಸ್ಸು ಹತ್ತುವಷ್ಟು ಮೊಣಕಾಲು ಗಟ್ಟಿಯಿರಲಿಲ್ಲ. ನಾವು ಬಿಡುವಿದ್ದಾಗ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದೆವು. ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ. ಮೂಲೆಯ ಅಂಗಡಿಯಿಂದ ಬಾಡಿಗೆ ಬಂದಿತು, ಅದು ನಿಜ. ಅವ್ವ ಐದು ವರ್ಷ ಆ ರಸ್ತೆಯ ವಾಹನಗಳನ್ನು ನೋಡುತ್ತ ಕುಳಿತಳು. 2007ರಲ್ಲಿ ಲಿಂಗೈಕ್ಯಳಾದಳು.

ನಮ್ಮ ಹತ್ತಿರದ ಕೂಡಲಸಂಗಮಕ್ಕೆ ಹೋದಾಗಲೆಲ್ಲ ನಮಗೆ ಒಂದು ಯೋಚನೆ ಬರುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಗೆ ಬಂದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿ ಅದನ್ನು ಇದ್ದಲ್ಲಿಯೇ ಉಳಿಸಿದರು. ಇಂದು ನಾವು ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಓಣಿಗಳಿಗೆ ಅಂಥ ಗೋಡೆಯನ್ನು ಯಾರು ಕಟ್ಟಿಯಾರು? ಆದರೆ ಎರಡು ಮನೆಗಳನ್ನು ಒಂದೇ ಓಣಿಯಲ್ಲಿ ಹಿಡಿಯುವುದು ನಮ್ಮ ಕೈಯಲ್ಲಿತ್ತು.

ಕಾಯುತ್ತಿರುವ ಮನೆಗಳು

2010ರ ಡಿಸೆಂಬರ್‌ನಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿಗೆ ನೀಡಿತು. ಅಂದಿನಿಂದ ಹಳೆಯ ಊರಿನಲ್ಲಿ ಉಳಿದ ನಮ್ಮ ಕೆಲವು ಬಂಧುಗಳ ಮನೆಗಳಲ್ಲಿ ಮತ್ತೆ ಅದೇ ಶಬ್ದ ಬಂದು ಕುಳಿತಿದೆ. "ಬಿಡೂ ಮನಿಗೆ ಯಾಕ ಸುಣ್ಣ?" ಎಂದು ಗೋಡೆಗೆ ಸುಣ್ಣವಿಲ್ಲ. ಮಾಳಿಗೆ ಸೋರಿದರೆ ತಾಡಪತ್ರೆ. ಮಗನ ಮದುವೆಯ ಮಾತು ಬಂದರೂ ಹೊಸ ಮನೆಯಾದ ಮೇಲೆ ನೋಡೋಣ ಎನ್ನುತ್ತಾರೆ. ನಾವು ಅವರಿಗೆ ಹೇಳುವುದಿಷ್ಟೆ: ಕಾಗದಗಳನ್ನು ಸಿದ್ಧವಾಗಿಡಿ, ಅಟ್ಟವನ್ನು ಈ ವರ್ಷವೇ ಹಿರಿಯರ ಮುಂದೆ ಬಿಚ್ಚಿ ನೋಡಿ, ಯಾರ ಪಕ್ಕದಲ್ಲಿ ಇರಬೇಕೆಂಬುದನ್ನು ಇಂದೇ ಮಾತಾಡಿಕೊಳ್ಳಿ. ಅಷ್ಟಾದ ಮೇಲೆ ಗೋಡೆಗೆ ಸುಣ್ಣ ಬಳಿಯಿರಿ, ಮಗನ ಮದುವೆಯನ್ನೂ ಮಾಡಿರಿ.

ಕಳೆದ ಬೇಸಿಗೆಯಲ್ಲಿ ನಮ್ಮ ಚಿಗವ್ವನವರನ್ನು ಅವರ ಮಗ ತನ್ನ ನೌಕರಿಯ ಊರಾದ ಹುಬ್ಬಳ್ಳಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಒಂದು ತಿಂಗಳು ಮುಂಚಿತವಾಗಿ ನಾವು ನೋಟುಪುಸ್ತಕವನ್ನು ಹಿಡಿದುಕೊಂಡು ಹೋಗಿ ಅವರ ಮುಂದೆ ಕುಳಿತೆವು. "ಚಿಗವ್ವಾ, ಮೊದಲ ಏನ್ ಬರೀಲಿ ಹೇಳ್ರಿ" ಎಂದೆವು. ಒಯ್ಯಬೇಕಾದ ಯಾವುದಾದರೂ ಒಡವೆಯನ್ನೋ ಪಾತ್ರೆಯನ್ನೋ ಹೇಳುವರೆಂದು ಪೆನ್ನು ತೆರೆದಿದ್ದೆವು. ಅವರು ಬಹಳ ಹೊತ್ತು ಯೋಚಿಸಿ, ಹಾಲಿನವಳಿಗೆ ಎರಡು ವಾರದ ಬಾಕಿ ಇದೆ, ಬರೆದುಕೊ ಎಂದರು. ಎದುರು ಮನೆಯ ದೊಡ್ಡ ಹರಿವಾಣ ಮೊಮ್ಮಗನ ತೊಟ್ಟಿಲ ಕಾರ್ಯದಿಂದಲೂ ತಮ್ಮಲ್ಲಿಯೇ ಉಳಿದಿದೆ, ಅದನ್ನೂ ಬರೆದುಕೊ ಎಂದರು. ಆಮೇಲೆ ಒಳಗೆ ಹೋಗಿ ಆ ಹರಿವಾಣವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ ತಂದರು. ಬರಿದಾಗಿ ಕೊಡಬಾರದೆಂದು ಅದರ ತುಂಬ ಬಿಳಿಜೋಳ ಸುರಿದು, ಮೇಲೊಂದು ಅಚ್ಚು ಬೆಲ್ಲವಿಟ್ಟು, ನಮ್ಮನ್ನು ಜೊತೆಗೆ ಕರೆದುಕೊಂಡು ತಾವೇ ಎದುರು ಮನೆಯ ಮೆಟ್ಟಿಲು ಹತ್ತಿದರು.